ಮೆಂಟರ್ ಡೈರಿ ತುಂಬಿದೆ, ಮಕ್ಕಳು ಮಾತ್ರ ಮಾತಾಡುವುದಿಲ್ಲ

ಪ್ರಶ್ನೆ: ನಾನು ಕೊಡಗಿನ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ವಾಣಿಜ್ಯ ವಿಷಯದ ಸಹಾಯಕ ಪ್ರಾಧ್ಯಾಪಕಿ. ಕಳೆದ ವರ್ಷ ಪ್ರಥಮ ಬಿ.ಕಾಂ.ನ 30 ವಿದ್ಯಾರ್ಥಿಗಳನ್ನು ನನಗೆ ಮೆಂಟರಿಂಗ್‌ಗೆ, ಅಂದರೆ ವೈಯಕ್ತಿಕ ಮಾರ್ಗದರ್ಶನಕ್ಕೆ, ಹಂಚಿಕೊಟ್ಟರು. ತಿಂಗಳಿಗೊಮ್ಮೆ ಸಭೆ ಕರೆಯುತ್ತೇನೆ, ಡೈರಿಯಲ್ಲಿ ಸಹಿ ಹಾಕಿಸಿಕೊಳ್ಳುತ್ತೇನೆ. ಏನಾದರೂ ಸಮಸ್ಯೆ ಇದೆಯೇ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ, ‘ಏನೂ ಇಲ್ಲ ಮ್ಯಾಮ್’. ವರ್ಷ ಮುಗಿಯುವಷ್ಟರಲ್ಲಿ ಅವರಲ್ಲಿ ನಾಲ್ವರು ಕಾಲೇಜು ಬಿಟ್ಟಿದ್ದರು. ಯಾಕೆ ಬಿಟ್ಟರೆಂಬುದು ನನಗೆ ತಿಳಿದದ್ದು ಅವರ ಗೆಳೆಯರಿಂದ. ಅವರ ಓದು, ವೈಯಕ್ತಿಕ ಬದುಕು, ಮುಂದಿನ ಉದ್ಯೋಗ ಈ ಮೂರನ್ನೂ ನೋಡಿಕೊಳ್ಳಬೇಕೆಂದು ಆದೇಶದಲ್ಲಿದೆ. ವಾರಕ್ಕೆ 16 ಗಂಟೆ ಪಾಠ ಮಾಡುವ ನನಗೆ ಇದು ಸಾಧ್ಯವೇ? ವೈಯಕ್ತಿಕ ವಿಷಯಗಳಲ್ಲಿ ನಾನು ಎಷ್ಟು ದೂರ ಹೋಗಬಹುದು? ಉದ್ಯೋಗದ ವಿಷಯದಲ್ಲಿ ನನಗೇ ಹೆಚ್ಚು ತಿಳಿಯದಿರುವಾಗ ಅವರಿಗೆ ಏನು ಹೇಳಲಿ?

ಉತ್ತರ: ಆ ನಾಲ್ವರು ಕಾಲೇಜು ಬಿಟ್ಟ ಕಾರಣ ಅವರ ಗೆಳೆಯರಿಗೆ ಗೊತ್ತಿತ್ತು ಎಂದು ಬರೆದಿದ್ದೀರಿ. ನಿಮ್ಮ ಪ್ರಶ್ನೆಗೆ ಉತ್ತರದ ಮೊದಲ ಎಳೆ ಅಲ್ಲಿಯೇ ಇದೆ. ವಿಷಯ ಗುಟ್ಟಾಗಿರಲಿಲ್ಲ, ಅದನ್ನು ಹೇಳಿಕೊಳ್ಳಲು ಅವರಿಗೆ ಸಂಕೋಚವೂ ಇರಲಿಲ್ಲ. ನಿಮ್ಮಲ್ಲಿ ಹೇಳಿದರೆ ಏನಾದರೂ ಆದೀತು ಎಂಬ ನಂಬಿಕೆ ಮಾತ್ರ ಇರಲಿಲ್ಲ. ತಿಂಗಳಿಗೊಮ್ಮೆ 30 ಜನರನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಸಮಸ್ಯೆ ಇದ್ದವರು ಹೇಳಿ ಎಂದರೆ ಹದಿನೆಂಟರ ಹುಡುಗನೋ ಹುಡುಗಿಯೋ ಎದ್ದು ನಿಂತು, ಮನೆಯಲ್ಲಿ ಬಸ್ಸಿಗೆ ಕೊಡಲು ದುಡ್ಡಿಲ್ಲ ಎಂದು ಹೇಳುವುದಿಲ್ಲ. ನಾವಾಗಿದ್ದರೂ ಹೇಳುತ್ತಿರಲಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು: ಸಮಸ್ಯೆಯನ್ನು ಹೇಳಿ ಎಂದು ಕೇಳುವುದನ್ನು ಸದ್ಯಕ್ಕೆ ಬಿಡಿ. ವರ್ಷದ ಯಾವ ವಾರದಲ್ಲಿ ನಿಮ್ಮ ಯಾವ ವಿದ್ಯಾರ್ಥಿ ಎಲ್ಲಿ ಮುಗ್ಗರಿಸಬಹುದೆಂದು ಮೊದಲೇ ಯೋಚಿಸಿ, ಆ ವಾರಕ್ಕೆ ಮುಂಚೆಯೇ ಅಲ್ಲಿರಿ. ಒಂದು ಸಣ್ಣ ಕೆಲಸ ನಿಮ್ಮಿಂದ ಆಯಿತೆಂದು ಅವರಿಗೆ ತಿಳಿದರೆ ಮಾತು ತಾನಾಗಿ ಬರುತ್ತದೆ. ವಿಶ್ವಾಸ ಹುಟ್ಟಿದ ಮೇಲೆ ಸಹಾಯ ಮಾಡೋಣ ಎಂದು ಕಾಯುವ ಅಧ್ಯಾಪಕರು ಮೂರು ವರ್ಷವೂ ಕಾಯುತ್ತಲೇ ಇರುತ್ತಾರೆ.

ಡೈರಿಯ ಬಗ್ಗೆ ನಿಮಗಿರುವ ಬೇಸರ ನನಗೆ ಅರ್ಥವಾಗುತ್ತದೆ. 1994ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ನ್ಯಾಕ್ ಸಂಸ್ಥೆ, ಕಾಲೇಜುಗಳ ಮೌಲ್ಯಮಾಪನದಲ್ಲಿ ಒಬ್ಬ ಮೆಂಟರ್‌ಗೆ ಎಷ್ಟು ವಿದ್ಯಾರ್ಥಿಗಳೆಂಬ ಅನುಪಾತವನ್ನು ಕೇಳುತ್ತ ಬಂದಿದೆ. ಅನುಪಾತ ಕೇಳಿದಾಗ ಕಾಲೇಜುಗಳು ಅನುಪಾತವನ್ನು ಸಿದ್ಧಪಡಿಸಿದವು. ಅದಕ್ಕೆ ಸಾಕ್ಷಿಯಾಗಿ ಡೈರಿ ಬಂತು, ಡೈರಿಗೆ ಸಹಿ ಬಂತು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಆದರೆ ಸಹಿಯ ಲೆಕ್ಕವೇ ಕೆಲಸವೆಂದು ಅಧ್ಯಾಪಕರು ನಂಬತೊಡಗಿದರೆ ಮಕ್ಕಳು ಅದನ್ನು ಎರಡನೆಯ ಸಭೆಯಲ್ಲಿಯೇ ಗುರುತಿಸಿಬಿಡುತ್ತಾರೆ. ಹೊಸಬರನ್ನು ಕಾಲೇಜಿನ ಬದುಕಿಗೆ ಹೊಂದಿಸಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2019ರಲ್ಲಿ ದೀಕ್ಷಾರಂಭ ಎಂಬ ಮಾರ್ಗಸೂಚಿ ತಂದಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೆ ಮಾರ್ಗಸೂಚಿ ಕೊಡುತ್ತ, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವಲ್ಲಿ ಒಬ್ಬ ಅರ್ಹ ಆಪ್ತಸಮಾಲೋಚಕರಾದರೂ ಇರಬೇಕೆಂದೂ, ಪರೀಕ್ಷೆಯ ದಿನಗಳಲ್ಲಿ ಮತ್ತು ಓದಿನ ಒಂದು ಹಂತದಿಂದ ಇನ್ನೊಂದಕ್ಕೆ ದಾಟುವ ಹೊತ್ತಿನಲ್ಲಿ ವಿದ್ಯಾರ್ಥಿಗಳ ಸಣ್ಣ ಗುಂಪುಗಳಿಗೆ ಮೆಂಟರ್ ಅಥವಾ ಸಮಾಲೋಚಕರನ್ನು ಗೊತ್ತುಮಾಡಬೇಕೆಂದೂ ಹೇಳಿದೆ. ಅಂದರೆ ಈ ಜವಾಬ್ದಾರಿ ಇನ್ನು ಹಿಂದೆ ಸರಿಯುವುದಿಲ್ಲ. ಅದನ್ನು ನಿಜವಾಗಿಸಿಕೊಳ್ಳುವುದರಲ್ಲಿಯೇ ನಿಮಗೂ ನೆಮ್ಮದಿಯಿದೆ.

ಮೆಂಟರಿಂಗ್‌ನಿಂದ ಎಷ್ಟು ಪ್ರಯೋಜನವಾಗುತ್ತದೆ ಎಂಬ ಬಗ್ಗೆಯೂ ನಿಮಗೆ ನಿಜವಾದ ಚಿತ್ರ ಇರಬೇಕು. ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ ಪರಿಣಾಮ ಒಳ್ಳೆಯದೇ, ಆದರೆ ಸಾಮಾನ್ಯವಾಗಿ ಸಣ್ಣದು. ಅಮೆರಿಕದ ವಿಶ್ವವಿದ್ಯಾಲಯಗಳ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಕುರಿತು 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಮಾರ್ಗದರ್ಶಕರು ನಿಯತವಾಗಿ ಫೋನ್ ಮಾಡಿ ಸಮಯದ ಹೊಂದಾಣಿಕೆ, ಹಣ, ಮನೆಯ ಹೊಣೆ ಮುಂತಾದ ವಿಷಯಗಳ ಬಗ್ಗೆ ಮಾತಾಡಿಸಿದ ವಿದ್ಯಾರ್ಥಿಗಳಲ್ಲಿ ಓದು ಮುಂದುವರಿಸಿದವರ ಪ್ರಮಾಣ ಉಳಿದವರಿಗಿಂತ ಸುಮಾರು ಐದು ಶೇಕಡಾಂಶ ಹೆಚ್ಚಿತ್ತು. ನಿಮ್ಮ 30 ಜನರ ಗುಂಪಿಗೆ ಅನ್ವಯಿಸಿದರೆ ಐದು ಶೇಕಡಾ ಎಂದರೆ ಒಬ್ಬರೋ ಇಬ್ಬರೋ. ಈ ಸಂಖ್ಯೆ ಸಣ್ಣದೆಂದು ನನಗೆ ಅನ್ನಿಸುವುದಿಲ್ಲ. ಕಾಫಿ ತೋಟದ ಕಾರ್ಮಿಕರ ಲೈನ್ ಮನೆಯಿಂದ ಬಂದು ಪದವಿಯ ತರಗತಿಯಲ್ಲಿ ಕುಳಿತಿರುವ ಆ ಕುಟುಂಬದ ಮೊದಲ ಹುಡುಗಿ ಆ ಒಬ್ಬರಾಗಿದ್ದರೆ, ನಿಮ್ಮ ವರ್ಷದ ಶ್ರಮಕ್ಕೆ ಅದಕ್ಕಿಂತ ದೊಡ್ಡ ಫಲ ಬೇಕಿಲ್ಲ. ಆ ಅಧ್ಯಯನದಲ್ಲಿ ಫೋನ್ ಮಾಡಿದವರು ಉಪದೇಶ ಮಾಡಲಿಲ್ಲ, ಈ ವಾರ ಏನಾಗಬೇಕು ಎಂದು ಕೇಳಿದರು ಎಂಬುದನ್ನೂ ಗಮನಿಸಿ.

ಈಗ ಕೊಡಗಿನ ವರ್ಷಕ್ಕೆ ಬರುತ್ತೇನೆ. ಇಲ್ಲಿ ಮಕ್ಕಳು ಕಾಲೇಜಿನಿಂದ ಜಾರುವುದು ವರ್ಷದ ಯಾವುದೋ ಒಂದು ದಿನ ಅಲ್ಲ, ಅದಕ್ಕೆ ಕಾಲವಿದೆ. ಮೊದಲನೆಯದು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾಗಮಂಡಲ, ನಾಪೋಕ್ಲು, ಗಾಳಿಬೀಡು, ಮಾದಾಪುರ ಕಡೆಯಿಂದ ಬರುವ ವಿದ್ಯಾರ್ಥಿಗೆ ಕರೆಂಟು ಇರುವುದಿಲ್ಲ, ನೆಟ್‌ವರ್ಕ್ ಸಿಗುವುದಿಲ್ಲ, ಮರ ಬಿದ್ದರೆ ಬಸ್ಸು ಬರುವುದಿಲ್ಲ. ರೈಲು ಇಲ್ಲದ ಈ ಜಿಲ್ಲೆಯಲ್ಲಿ ಬಸ್ಸು ತಪ್ಪಿದರೆ ದಿನವೇ ತಪ್ಪಿದಂತೆ. ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ನೀಡುವ ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂತಾದರೂ, ಒಳನಾಡಿನ ಎಷ್ಟೋ ದಾರಿಗಳಲ್ಲಿ ಖಾಸಗಿ ಬಸ್ಸೇ ಗತಿಯಾದ್ದರಿಂದ ಅದು ನಿಮ್ಮ ಎಲ್ಲ ವಿದ್ಯಾರ್ಥಿನಿಯರ ಕೈಗೂ ಎಟುಕಿರುವುದಿಲ್ಲ. ಇನ್ನೊಂದು ವಿಷಯವನ್ನೂ ನೆನಪಿಡಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮಾದಾಪುರ ಸುತ್ತಲಿನ ಗುಡ್ಡಗಳು ಕುಸಿದಾಗ, ಈಗ ನಿಮ್ಮ ಎದುರು ಕೂರುವವರು ಪ್ರಾಥಮಿಕ ಶಾಲೆಯ ಮಕ್ಕಳು. ಅವರಲ್ಲಿ ಕೆಲವರು ಮನೆ ಬಿಟ್ಟು ಪರಿಹಾರ ಕೇಂದ್ರದಲ್ಲಿ ಮಲಗಿದವರಾಗಿರಬಹುದು. ರಾತ್ರಿಯಿಡೀ ಮಳೆ ಸುರಿದ ಮರುದಿನ ತರಗತಿಯಲ್ಲಿ ಮಂಕಾಗಿ ಕುಳಿತವರನ್ನು ‘ನಿದ್ದೆ ಮಾಡಲಿಲ್ಲವೇ’ ಎಂದು ಗದರುವ ಮೊದಲು ಅವರ ಊರು ಯಾವುದೆಂದು ನೋಡಿ.

ಎರಡನೆಯ ಕಾಲ ಕಾಫಿ ಕೊಯ್ಲಿನದು. ಅರೇಬಿಕಾ ನವೆಂಬರ್‌ನಿಂದ, ರೊಬಸ್ಟಾ ಜನವರಿಯಿಂದ, ಆಮೇಲೆ ಕರಿಮೆಣಸು. ಕೊಯ್ದ ಹಣ್ಣಿನ ಕಿಲೋ ಲೆಕ್ಕದಲ್ಲಿ ದುಡ್ಡು ಸಿಗುವ ಈ ತಿಂಗಳುಗಳಲ್ಲಿ ಕಾರ್ಮಿಕರ ಮನೆಯ ಎರಡು ಕೈ ಕಾಲೇಜಿನ ಬೆಂಚಿನ ಮೇಲೆ ಸುಮ್ಮನೆ ಕುಳಿತಿರುವುದು ಆ ಮನೆಗೆ ನಷ್ಟ. ಎರಡು ಮೂರು ಎಕರೆಯ ಸಣ್ಣ ಬೆಳೆಗಾರರ ಮಕ್ಕಳೂ ಆಳು ಸಿಗದೆ ತೋಟಕ್ಕಿಳಿಯುತ್ತಾರೆ. ಹೀಗೆ ಮೂರು ವಾರ ತಪ್ಪಿದ ಹಾಜರಾತಿ ಶೇ. 75ರ ಕೆಳಗೆ ಬಂದಾಗ, ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ನೋಟಿಸು ಬೋರ್ಡಿನಲ್ಲಿ ಬೀಳುತ್ತದೆ. ಆ ನೋಟಿಸನ್ನು ಓದಿದ ವಿದ್ಯಾರ್ಥಿ ಮೆಂಟರ್ ಬಳಿ ಬರುವುದಿಲ್ಲ, ಮನೆಗೆ ಹೋಗುತ್ತಾನೆ. ಡಿಸೆಂಬರ್‌ನಲ್ಲಿಯೇ ಅವನನ್ನು ಕರೆದು, ಕೊಯ್ಲಿಗೆ ಹೋಗುತ್ತೀಯಾ, ಎಷ್ಟು ದಿನ, ವಾರದಲ್ಲಿ ಯಾವ ದಿನ ಕಾಲೇಜಿಗೆ ಬರಬಲ್ಲೆ ಎಂದು ಕೇಳಿ ಲೆಕ್ಕ ಹಾಕಿಕೊಟ್ಟರೆ, ಅವನು ಕೆಲಸವನ್ನೂ ಮಾಡಿ ಪರೀಕ್ಷೆಗೂ ಕೂರಬಲ್ಲ. ಕೊಯ್ಲಿಗೆ ಹೋಗಬಾರದೆಂದು ಹೇಳುವ ಹಕ್ಕು ನಮಗಿಲ್ಲ. ಎಷ್ಟು ದಿನ ತಪ್ಪಿದರೆ ಏನಾಗುತ್ತದೆಂದು ಮುಂಚೆಯೇ ತಿಳಿಸುವ ಕರ್ತವ್ಯ ಮಾತ್ರ ಖಂಡಿತ ನಮ್ಮದು.

ಹಾಜರಿ ಪುಸ್ತಕವನ್ನು ಶೇಕಡಾವಾರು ಲೆಕ್ಕಕ್ಕಷ್ಟೇ ಬಳಸದೆ ಓದಲು ಕಲಿಯಿರಿ. ದಿನವೂ ಮೊದಲ ಪಿರಿಯಡ್ ಮಾತ್ರ ತಪ್ಪಿಸುವವರಿಗೆ ಇರುವ ತೊಂದರೆ ಬಸ್ಸಿನದು. ಶನಿವಾರ ಮತ್ತು ಸೋಮವಾರ ಕಾಣದವನು ಹೋಂಸ್ಟೇಯಲ್ಲೋ ರೆಸಾರ್ಟಿನಲ್ಲೋ ಕೆಲಸ ಮಾಡುತ್ತಿರಬಹುದು, ಪ್ರವಾಸಿಗರು ತುಂಬುವುದು ಆ ದಿನಗಳಲ್ಲಿಯೇ. ಎಲ್ಲ ದಿನ ಬಂದು ಇಂಟರ್ನಲ್ಸ್ ದಿನ ಮಾತ್ರ ಬಾರದವಳಿಗೆ ಒಂದು ನಿರ್ದಿಷ್ಟ ವಿಷಯದ ಭಯವಿದೆ. ನಾಲ್ಕು ದಿನ ಚೆನ್ನಾಗಿ ಬಂದು ಇದ್ದಕ್ಕಿದ್ದಂತೆ ಪೂರ್ತಿ ನಿಂತವರ ಮನೆಯಲ್ಲಿ ಏನೋ ನಡೆದಿದೆ. ಅವರಿಗೆ ಅದೇ ವಾರ ಫೋನ್ ಹೋಗಬೇಕು. ಇವು ಊಹೆಗಳೇ ಸರಿ, ತಪ್ಪಾಗಿಯೂ ಇರಬಹುದು. ಆದರೆ ‘ಸೋಮವಾರ ನಿನಗೆ ಬರಲು ಕಷ್ಟವಾಗುತ್ತಿದೆಯೆಂದು ಕಾಣುತ್ತದೆ’ ಎಂದು ಶುರು ಮಾಡಿದ ಮಾತಿಗೆ ‘ಏನೂ ಇಲ್ಲ ಮ್ಯಾಮ್’ ಎಂಬ ಉತ್ತರ ಬರುವುದು ಅಪರೂಪ.

ನಂಬಿಕೆ ಗಳಿಸಲು ನಾನು ಕಂಡಂತೆ ಅತ್ಯುತ್ತಮ ಜಾಗ ವಿದ್ಯಾರ್ಥಿವೇತನ. ಹೆಚ್ಚಿನ ಅಧ್ಯಾಪಕರು ಇದನ್ನು ಕಚೇರಿಯ ಗುಮಾಸ್ತರ ಕೆಲಸವೆಂದು ಬದಿಗೆ ಸರಿಸುತ್ತಾರೆ. ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ ಹುಡುಗಿಗೆ ‘ಮಂಜೂರಾಗಿದೆ’ ಎಂದು ಕಾಣುತ್ತದೆ, ದುಡ್ಡು ಮಾತ್ರ ಬಂದಿರುವುದಿಲ್ಲ. ಕಾರಣ ಬಹುತೇಕ ಒಂದೇ. ನೇರ ವರ್ಗಾವಣೆಯ ಹಣ ಹೋಗುವುದು ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕ್ ಖಾತೆಗೆ. ಅದು ಪ್ರೌಢಶಾಲೆಯಲ್ಲಿದ್ದಾಗ ತೆರೆದು ಈಗ ನಿಷ್ಕ್ರಿಯವಾಗಿರುವ ಖಾತೆಯಾಗಿರಬಹುದು, ಅಥವಾ ಜೋಡಣೆಯೇ ಆಗಿಲ್ಲದಿರಬಹುದು. ಅವಳು ಕೈಯಲ್ಲಿ ಹಿಡಿದಿರುವ ಪಾಸ್‌ಬುಕ್ ಬೇರೆ ಬ್ಯಾಂಕಿನದು. ಆಧಾರ್ ಜಾಲತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ನೋಡಿದರೆ ಯಾವ ಬ್ಯಾಂಕೆಂದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ಕೊಡಗಿನಲ್ಲಿ ಇದರ ಜೊತೆಗೆ ಹೆಸರಿನ ತೊಡಕೂ ಉಂಟು: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಮನೆತನದ ಹೆಸರು ಇನಿಷಿಯಲ್ ಆಗಿ, ಆಧಾರ್‌ನಲ್ಲಿ ಪೂರ್ತಿಯಾಗಿ ಇದ್ದರೆ ಎರಡೂ ತಾಳೆಯಾಗುವುದಿಲ್ಲ. ಲೈನ್ ಮನೆಯಲ್ಲಿ ವಾಸಿಸುವ ಕುಟುಂಬಗಳಿಗೆ ವಿಳಾಸದ ದಾಖಲೆಯೇ ಒಂದು ಅಡ್ಡಿ. ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬರುವುದಕ್ಕೆ ದಿನ ಹಿಡಿಯುತ್ತದೆ, ಅಷ್ಟರಲ್ಲಿ ಕೊನೆಯ ದಿನಾಂಕ ಮುಗಿದಿರುತ್ತದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ವಿದ್ಯಾಸಿರಿ ಯೋಜನೆಯಲ್ಲಿ ಹತ್ತು ತಿಂಗಳಿಗೆ ಸಿಗುವ ಹಣ ಅನೇಕ ಮನೆಗಳಲ್ಲಿ ಬಾಡಿಗೆ ಮತ್ತು ಊಟದ ಪೂರ್ತಿ ಲೆಕ್ಕ. ರೈತರ ಮತ್ತು ಕೃಷಿ ಕಾರ್ಮಿಕರ ಮಕ್ಕಳಿಗೆ ರೈತ ವಿದ್ಯಾನಿಧಿಯೂ ಇದೆ. ಅರ್ಜಿಯ ಕಿಟಕಿ ತೆರೆಯುವ ಮೊದಲೇ ಒಂದು ಮಧ್ಯಾಹ್ನ 30 ಜನರನ್ನೂ ಕೂರಿಸಿ, ಪ್ರತಿಯೊಬ್ಬರ ಆಧಾರ್ ಜೋಡಣೆ, ಹೆಸರಿನ ಕಾಗುಣಿತ, ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಇಷ್ಟನ್ನು ನೋಡಿಬಿಡಿ. ನಿಲ್ಲಿಸಿದ್ದ ಹಣ ಖಾತೆಗೆ ಬಂದ ದಿನ ಆ ಹುಡುಗಿ ತಾನಾಗಿ ನಿಮ್ಮ ಕೊಠಡಿಯ ಬಾಗಿಲಿಗೆ ಬರುತ್ತಾಳೆ, ಮತ್ತು ಅವತ್ತು ಅವಳು ಹೇಳುವುದು ವಿದ್ಯಾರ್ಥಿವೇತನದ ವಿಷಯ ಮಾತ್ರ ಆಗಿರುವುದಿಲ್ಲ.

ಓದಿನ ವಿಷಯಕ್ಕೆ ಬಂದರೆ, ನಿಮ್ಮ ಗುಂಪಿನಲ್ಲಿ ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಯರವ ಮಾತಾಡುವವರು ಇದ್ದೇ ಇರುತ್ತಾರೆ. ಇವರಲ್ಲಿ ಎಷ್ಟೋ ಮಂದಿಗೆ ಕನ್ನಡವೇ ಶಾಲೆಯಲ್ಲಿ ಕಲಿತ ಭಾಷೆ, ಈಗ ಬಿ.ಕಾಂ. ಪಠ್ಯ ಇಂಗ್ಲಿಷಿನಲ್ಲಿದೆ. ಅಂಕ ಕಡಿಮೆಯಾದವರಿಗೆ ‘ಹೆಚ್ಚು ಓದು’ ಎನ್ನುವುದರಿಂದ ಏನೂ ಆಗದು. ಪ್ರಶ್ನೆಪತ್ರಿಕೆಯನ್ನು ಕೈಗೆ ಕೊಟ್ಟು, ಈ ಪ್ರಶ್ನೆ ಏನು ಕೇಳುತ್ತಿದೆ ಎಂದು ಅವರ ಮಾತಿನಲ್ಲಿ ಹೇಳಿಸಿ. ಇಳಿಕೆ ಶೇಷ ಪದ್ಧತಿಯಲ್ಲಿ ಸವಕಳಿ ಲೆಕ್ಕ ಹಾಕು ಎಂಬ ಇಂಗ್ಲಿಷ್ ವಾಕ್ಯದ ಮುಂದೆ ಪೆನ್ನು ನಿಲ್ಲಿಸಿ ಕುಳಿತ ಹುಡುಗನಿಗೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಒಂದು ಲಕ್ಷದ ಪಲ್ಪರ್ ಯಂತ್ರ, ವರ್ಷಕ್ಕೆ ಶೇ. 10ರಷ್ಟು ಸವೆಯುತ್ತದೆ, ಮೊದಲ ವರ್ಷ ಎಷ್ಟು ಎಂದು ಕೇಳಿದರೆ ಹತ್ತು ಸಾವಿರ ಎನ್ನುತ್ತಾನೆ. ಎರಡನೆಯ ವರ್ಷ ಎಂದರೆ ಉಳಿದ ತೊಂಬತ್ತು ಸಾವಿರಕ್ಕೆ ಒಂಬತ್ತು ಸಾವಿರ ಎಂದು ಅವನೇ ಹೇಳುತ್ತಾನೆ. ಅವನಿಗೆ ಲೆಕ್ಕ ಬರುತ್ತದೆ, ಪ್ರಶ್ನೆ ಬರುವುದಿಲ್ಲ. ಈ ವ್ಯತ್ಯಾಸ ಒಮ್ಮೆ ಗೊತ್ತಾದರೆ ನೀವು ಮಾಡಬೇಕಾದದ್ದು ಬದಲಾಗುತ್ತದೆ. ಅವನಿಗೆ ಬೇಕಾದದ್ದು ವಿಷಯದ ಟ್ಯೂಷನ್ ಅಲ್ಲ, ಪ್ರತಿ ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುವ ಐವತ್ತೋ ಅರವತ್ತೋ ಪ್ರಶ್ನಾ ಪದಗಳ ಪರಿಚಯ. ಇದನ್ನು ನಿಮ್ಮ ಗುಂಪಿನಲ್ಲಿಯೇ ಭಾಷೆ ಬಲ್ಲ ಇನ್ನೊಬ್ಬ ವಿದ್ಯಾರ್ಥಿಯಿಂದ ಮಾಡಿಸಬಹುದು.

ಸಮಯದ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. 30 ಜನರಿಗೂ ತಲಾ ಹತ್ತು ನಿಮಿಷವೆಂದರೆ ಐದು ಗಂಟೆ. ಸೆಮಿಸ್ಟರ್‌ನ ಮೊದಲ ಎರಡು ವಾರಗಳಲ್ಲಿ ಬಿಡುವಿನ ಹೊತ್ತು ಹೊಂದಿಸಿಕೊಂಡು ಈ ಐದು ಗಂಟೆಯನ್ನು ಕೊಟ್ಟೇ ತೀರಿ. ಆ ಹತ್ತು ನಿಮಿಷದಲ್ಲಿ ಎಷ್ಟು ಗಂಟೆಗೆ ಮನೆ ಬಿಡುತ್ತೀ, ಯಾವ ಬಸ್ಸು, ಕಾಲೇಜು ಮುಗಿದ ಮೇಲೆ ಏನು ಮಾಡುತ್ತೀ, ಫೋನು ನಿನ್ನದೋ ಮನೆಯವರದೋ, ಈ ಸೆಮಿಸ್ಟರ್‌ನಲ್ಲಿ ಯಾವ ವಿಷಯ ಹೆದರಿಕೆ ತರುತ್ತಿದೆ ಎಂದಷ್ಟೇ ಕೇಳಿ. ಅದು ಮುಗಿಯುವಾಗ ಏಳೆಂಟು ಹೆಸರುಗಳು ನಿಮ್ಮ ಮನಸ್ಸಿನಲ್ಲಿ ಪ್ರತ್ಯೇಕವಾಗಿ ನಿಂತಿರುತ್ತವೆ. ಆಮೇಲಿನ ತಿಂಗಳುಗಳಲ್ಲಿ ನಿಮ್ಮ ಹೆಚ್ಚಿನ ಸಮಯ ಅವರಿಗೇ ಹೋಗಲಿ. ಎಲ್ಲರಿಗೂ ಸಮವಾಗಿ ಹಂಚಬೇಕೆಂಬ ಸಂಕೋಚ ಬೇಡ. ಉಳಿದವರನ್ನು ಗುಂಪುಗಳಾಗಿ ನೋಡಿ, ಮತ್ತು ಗುಂಪು ಮಾಡುವಾಗ ಹಾಜರಿ ಪುಸ್ತಕದ ಅಕ್ಷರಕ್ರಮವನ್ನು ಬಿಟ್ಟು ಬಸ್ಸಿನ ದಾರಿಯನ್ನು ಹಿಡಿಯಿರಿ. ನಾಪೋಕ್ಲು ಕಡೆಯವರು ಒಂದು, ಸುಂಟಿಕೊಪ್ಪ ಕಡೆಯವರು ಒಂದು, ಸಿದ್ದಾಪುರದ ದಾರಿಯವರು ಒಂದು. ಪ್ರತಿ ಗುಂಪಿಗೂ ಅದೇ ಬಸ್ಸಿನಲ್ಲಿ ಬರುವ ಅಂತಿಮ ವರ್ಷದ ಒಬ್ಬ ಹಿರಿಯ ವಿದ್ಯಾರ್ಥಿ. ನೆಟ್‌ವರ್ಕ್ ಇಲ್ಲದ ವಾರದಲ್ಲಿ ಪರೀಕ್ಷಾ ಶುಲ್ಕದ ಕೊನೆಯ ದಿನವೆಂದು ಸುದ್ದಿ ಮುಟ್ಟಿಸುವುದು ಇವರೇ. ಯಾರಾದರೂ ಎರಡು ದಿನ ಬಸ್ಸು ಹತ್ತದಿದ್ದರೆ ಮೊದಲು ತಿಳಿಯುವುದೂ ಇವರಿಗೇ. ಕಳೆದ ವರ್ಷ ನಾಲ್ವರ ಕಾರಣ ಗೆಳೆಯರಿಗೆ ಗೊತ್ತಿತ್ತಲ್ಲ, ಆ ತಿಳಿವು ಈ ದಾರಿಯಲ್ಲಿ ಸಮಯಕ್ಕೆ ಸರಿಯಾಗಿ ನಿಮ್ಮನ್ನು ತಲುಪುತ್ತದೆ. ಆ ನಾಲ್ವರಿಗೆ ಈಗಲೂ ಫೋನ್ ಮಾಡಿ. ಮರುಪ್ರವೇಶಕ್ಕೆ ವಿಶ್ವವಿದ್ಯಾಲಯದ ನಿಯಮ ಏನು ಹೇಳುತ್ತದೆಂದು ಕಚೇರಿಯಲ್ಲಿ ಕೇಳಿ ತಿಳಿದುಕೊಂಡು ಮಾಡಿ, ಬರಿಗೈಯಲ್ಲಿ ಮಾಡಬೇಡಿ.

ವೈಯಕ್ತಿಕ ವಿಷಯಗಳಲ್ಲಿ ಎಷ್ಟು ದೂರ ಹೋಗಬಹುದೆಂಬ ನಿಮ್ಮ ಪ್ರಶ್ನೆ ಬಹಳ ಮುಖ್ಯವಾದದ್ದು, ಯಾಕೆಂದರೆ ಇಲ್ಲಿ ಒಳ್ಳೆಯ ಮನಸ್ಸಿನಿಂದಲೇ ಹಾನಿಯಾಗಬಹುದು. ನೀವು ಆಪ್ತಸಮಾಲೋಚಕರಲ್ಲ. ಕೇಳಿಸಿಕೊಳ್ಳುವುದು, ಸರಿಯಾದವರ ಬಳಿಗೆ ತಲುಪಿಸುವುದು, ತಲುಪಿದರೋ ಇಲ್ಲವೋ ಎಂದು ಮುಂದಿನ ವಾರ ವಿಚಾರಿಸುವುದು ಇವು ಮೂರು ನಿಮ್ಮ ಕೆಲಸ. ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬೇಡಿ. ಪ್ರಥಮ ವರ್ಷದಲ್ಲಿ ಇನ್ನೂ 18 ತುಂಬದವರು ಇರುತ್ತಾರೆ. ಅವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ನಿಮಗೆ ಕಡ್ಡಾಯ. ಕ್ಯಾಂಪಸ್ಸಿನೊಳಗಿನ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ದೂರು ಸಮಿತಿ ಇದೆ, ಅದನ್ನು ಮೆಂಟರ್ ಕೊಠಡಿಯಲ್ಲಿ ರಾಜಿ ಮಾಡಿಸುವ ಪ್ರಯತ್ನಕ್ಕೆ ಎಂದೂ ಇಳಿಯಬೇಡಿ. 18 ತುಂಬದ ಹುಡುಗಿಗೆ ಮದುವೆ ಗೊತ್ತಾಗಿದೆಯೆಂದು ಕೇಳಿಬಂದರೆ ಮಕ್ಕಳ ಸಹಾಯವಾಣಿ 1098 ಇದೆ. ಬದುಕುವುದೇ ಬೇಡ ಎಂಬರ್ಥದ ಮಾತು ಯಾರ ಬಾಯಲ್ಲಾದರೂ ಬಂದರೆ ಅದನ್ನು ತೇಲಿಸಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬ ಭಯಕ್ಕೆ ಆಧಾರವಿಲ್ಲ, ಕೇಳಿದ್ದರಿಂದ ಅವರಿಗೆ ಹಗುರವಾಗುತ್ತದೆ. ಅವರನ್ನು ಒಂಟಿಯಾಗಿ ಬಿಡದೆ, 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ನಿಮ್ಮ ಫೋನಿನಿಂದಲೇ ಕರೆ ಮಾಡಿ ಮಾತಾಡಿಸಿ. ಅದು ಹಗಲು ರಾತ್ರಿ ಕನ್ನಡದಲ್ಲಿಯೂ ಸಿಗುತ್ತದೆ, ಹಣ ಕೊಡಬೇಕಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದ ಫೋನ್ ಸಂಖ್ಯೆಯನ್ನು ಅಗತ್ಯ ಬೀಳುವ ಮೊದಲೇ ಪಡೆದಿಟ್ಟುಕೊಳ್ಳಿ.

ಪೋಷಕರನ್ನು ಯಾವಾಗ ಕರೆಯಬೇಕು ಎಂಬುದರಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿಯೇ ಇದೆ. ಜೀವಕ್ಕೆ ಅಪಾಯವಿದ್ದರೆ ತಕ್ಷಣ ಕರೆಯಿರಿ, ಆದರೆ ಆ ಅಪಾಯ ಮನೆಯಿಂದಲೇ ಬರುತ್ತಿದ್ದರೆ ಕರೆಯಬೇಡಿ. ಹಾಜರಾತಿ, ಅಂಕದ ವಿಷಯದಲ್ಲಿ ವಿದ್ಯಾರ್ಥಿಗೆ ಮೊದಲು ತಿಳಿಸಿ ಕರೆಯಿರಿ. ಆದರೆ ಯಾರು ಯಾರ ಜೊತೆ ಬಸ್ ನಿಲ್ದಾಣದಲ್ಲಿ ನಿಂತಿದ್ದರು, ಯಾವ ಜಾತಿಯ ಹುಡುಗ ಯಾವ ಜಾತಿಯ ಹುಡುಗಿಯ ಜೊತೆ ಮಾತಾಡುತ್ತಾನೆ ಎಂಬುದನ್ನು ಮನೆಗೆ ಮುಟ್ಟಿಸುವ ಮೆಂಟರ್ ಇದ್ದಾರೆಂದು ಒಮ್ಮೆ ಗೊತ್ತಾದರೆ ಸಾಕು, ಇಡೀ ಕಾಲೇಜಿನ ಮೆಂಟರಿಂಗ್ ಅವತ್ತಿಗೆ ಮುಗಿಯಿತು. ಎಲ್ಲರಿಗೂ ಎಲ್ಲರ ಮನೆತನ ಗೊತ್ತಿರುವ ಕೊಡಗಿನಂಥ ಸಣ್ಣ ಜಿಲ್ಲೆಯಲ್ಲಿ ಒಂದು ಮಾತು ಸಂತೆಯ ದಿನದೊಳಗೆ ಮನೆ ಸೇರುತ್ತದೆ. ಅಂಥ ಒಂದು ಫೋನ್ ಕರೆಯಿಂದ ಓದು ನಿಂತ ಹುಡುಗಿಯರನ್ನು ನಾನು ಕಂಡಿದ್ದೇನೆ. ಯರವ, ಜೇನುಕುರುಬ ಹಾಡಿಗಳಿಂದ ಬಂದ ವಿದ್ಯಾರ್ಥಿಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಅವರನ್ನು ಉದಾಹರಣೆಯಾಗಿ ಮಾಡಿ ತರಗತಿಯ ಮುಂದೆ ಹೊಗಳುವುದು ಅವರಿಗೆ ಹಿಂಸೆ. 2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ತೆರವುಗೊಳಿಸಿದಾಗ ಮಕ್ಕಳಾಗಿದ್ದವರು ಈಗ ಕಾಲೇಜಿನ ವಯಸ್ಸಿಗೆ ಬಂದಿದ್ದಾರೆ. ಅಧಿಕಾರದ ಸ್ಥಾನದಲ್ಲಿರುವವರನ್ನು ನಂಬಲು ಅವರು ಹೆಚ್ಚು ಸಮಯ ತೆಗೆದುಕೊಂಡರೆ ಅದು ಸಹಜ, ಅದನ್ನು ಹಿಂಜರಿಕೆಯೆಂದು ಬರೆದುಕೊಳ್ಳಬೇಡಿ.

ಉದ್ಯೋಗದ ವಿಷಯದಲ್ಲಿ ನಿಮಗೆ ಎಲ್ಲ ತಿಳಿದಿರಬೇಕಿಲ್ಲ. ತಡವಾಗಿ ಹೇಳಿದರೆ ಕೆಡುವ ನಾಲ್ಕು ವಿಷಯಗಳು ತಿಳಿದಿದ್ದರೆ ಸಾಕು. ಸೇನೆಯನ್ನೇ ತೆಗೆದುಕೊಳ್ಳಿ. ಕಾರ್ಯಪ್ಪ, ತಿಮ್ಮಯ್ಯನವರ ಜಿಲ್ಲೆಯಲ್ಲಿ ಸೇನೆಗೆ ಸೇರುವ ಆಸೆ ಅನೇಕರಿಗಿದೆ. ಎನ್‌ಸಿಸಿ ‘ಸಿ’ ಪ್ರಮಾಣಪತ್ರದಲ್ಲಿ ಕನಿಷ್ಠ ‘ಬಿ’ ಶ್ರೇಣಿ ಮತ್ತು ಪದವಿಯಲ್ಲಿ ಶೇ. 50 ಅಂಕ ಇದ್ದವರು, ಹುಡುಗಿಯರೂ ಸೇರಿ, ಲಿಖಿತ ಪರೀಕ್ಷೆಯಿಲ್ಲದೆ ಎನ್‌ಸಿಸಿ ವಿಶೇಷ ಪ್ರವೇಶದ ಮೂಲಕ ಸೇನಾಧಿಕಾರಿಗಳ ಆಯ್ಕೆಯ ಎಸ್‌ಎಸ್‌ಬಿ ಸಂದರ್ಶನಕ್ಕೆ ಅರ್ಜಿ ಹಾಕಬಹುದು. ಆದರೆ ಆ ಪ್ರಮಾಣಪತ್ರ ಸಿಗುವುದು ಮೂರನೆಯ ವರ್ಷದಲ್ಲಿ, ಅದಕ್ಕೆ ಸೇರಬೇಕಾದದ್ದು ಮೊದಲ ವರ್ಷದಲ್ಲಿ. ಅಂತಿಮ ವರ್ಷದ ಕ್ಯಾರಿಯರ್ ಗೈಡೆನ್ಸ್ ಕಾರ್ಯಕ್ರಮದಲ್ಲಿ ಇದನ್ನು ಹೇಳಿದರೆ ಕೇಳಿದವರಿಗೆ ಸಿಗುವುದು ಪಶ್ಚಾತ್ತಾಪ ಮಾತ್ರ. ನಿಮ್ಮದೇ ವಿಷಯದಲ್ಲಿ, ವಾಣಿಜ್ಯ ಪದವಿಯಲ್ಲಿ ಶೇ. 55 ಅಂಕ ಪಡೆದವರು ಸಿಎ ಓದಿಗೆ ಫೌಂಡೇಶನ್ ಪರೀಕ್ಷೆಯಿಲ್ಲದೆ ನೇರವಾಗಿ ಇಂಟರ್‌ಮೀಡಿಯಟ್ ಹಂತಕ್ಕೆ ಸೇರಬಹುದು, ಮತ್ತು 2023ರ ಹೊಸ ವ್ಯವಸ್ಥೆಯಲ್ಲಿ ಸಿಎ ಕಚೇರಿಯಲ್ಲಿ ಕೆಲಸ ಕಲಿಯುವ ಆರ್ಟಿಕಲ್‌ಶಿಪ್ ಅವಧಿ ಎರಡು ವರ್ಷಕ್ಕೆ ಇಳಿದಿದೆ. ಈಗ ಶೇ. 52ರಲ್ಲಿ ತೃಪ್ತನಾಗಿರುವ ಹುಡುಗನಿಗೆ ಈ ಒಂದು ಸಂಖ್ಯೆ ಗೊತ್ತಿದ್ದರೆ ಅವನ ಎರಡನೆಯ ಸೆಮಿಸ್ಟರ್ ಬೇರೆಯಾಗುತ್ತದೆ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಗೆ ಯಾವುದೇ ಪದವಿ ಸಾಕು, ಕನ್ನಡದಲ್ಲಿಯೂ ಬರೆಯಬಹುದು. ಇಂಗ್ಲಿಷಿಗೆ ಹೆದರಿ ಬ್ಯಾಂಕಿನ ಆಸೆ ಬಿಟ್ಟವರಿಗೆ ಇದನ್ನು ಹೇಳಿ. ವಿಜ್ಞಾನ ವಿಭಾಗದ ನಿಮ್ಮ ಸಹೋದ್ಯೋಗಿಗಳಿಗೆ, ಕಾಫಿ ಮಂಡಳಿ ನಡೆಸುವ ಕಾಫಿ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ಬಗ್ಗೆ ತಿಳಿಸಿ. ಕಾಫಿ ಗಿಡಗಳ ನಡುವೆಯೇ ಬೆಳೆದ ಮಕ್ಕಳಿಗೆ ಆ ಬೆಳೆಯಲ್ಲಿ ತೋಟದಾಚೆಗೂ ಒಂದು ವೃತ್ತಿ ಇದೆಯೆಂದು ತಿಳಿಸುವವರು ಕಡಿಮೆ. ಪದವಿ ಮುಗಿದು ಆರು ತಿಂಗಳಾದರೂ ಕೆಲಸ ಸಿಗದವರಿಗೆ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ ಎರಡು ವರ್ಷದವರೆಗೆ ಸಿಗುವ ವ್ಯವಸ್ಥೆಯಿದೆ, ಆದರೆ ಉನ್ನತ ವ್ಯಾಸಂಗಕ್ಕೆ ಸೇರಿದವರಿಗೆ ಅದು ಅನ್ವಯಿಸುವುದಿಲ್ಲ.

ಇನ್ನು, ನಿನ್ನ ಗುರಿ ಏನು ಎಂದು ಕೇಳಬೇಡಿ. ಅದಕ್ಕೆ ಬರುವ ಉತ್ತರ ಐಎಎಸ್ ಅಥವಾ ಮೌನ. ಪದವಿ ಮುಗಿದ ಮರುತಿಂಗಳು ನೀನು ಎಲ್ಲಿರುತ್ತೀ, ಆ ತಿಂಗಳ ಖರ್ಚು ಯಾರು ನೋಡುತ್ತಾರೆ, ಮನೆ ಬಿಟ್ಟು ಮೈಸೂರಿಗೋ ಬೆಂಗಳೂರಿಗೋ ಹೋಗಲು ಮನೆಯಲ್ಲಿ ಒಪ್ಪುತ್ತಾರೆಯೇ ಎಂದು ಕೇಳಿ. ಇಲ್ಲಿಯೇ ಉಳಿದು ತೋಟ ನೋಡಿಕೊಳ್ಳುತ್ತೇನೆ ಎಂದವನನ್ನು ಸೋತವನಂತೆ ಕಾಣಬೇಡಿ. ಅವನಿಗೆ ಜಿಎಸ್‌ಟಿ, ಸಾಲದ ಲೆಕ್ಕ, ಎಸ್ಟೇಟಿನ ಪುಸ್ತಕ ಇಡುವುದು ಕಲಿಸಬೇಕಾದ ಮೆಂಟರ್ ವಾಣಿಜ್ಯ ವಿಭಾಗದಲ್ಲಿಯೇ ಇದ್ದಾರೆ.

ಡೈರಿಯನ್ನು ಏನು ಮಾಡುವುದು? ಬರೆಯಿರಿ, ಆದರೆ ‘ಚೆನ್ನಾಗಿ ಓದಲು ಸಲಹೆ ನೀಡಲಾಯಿತು’ ಎಂಬ ವಾಕ್ಯವನ್ನು ಇನ್ನು ಬರೆಯಬೇಡಿ. ಅಕ್ಟೋಬರ್ 14, ಆದಾಯ ಪ್ರಮಾಣಪತ್ರ ಬಂದಿಲ್ಲ. 21, ನಾಡಕಚೇರಿಗೆ ಹೋಗಿ ಬಂದಳು. 28, ಬಂತು, ಅರ್ಜಿ ಸಲ್ಲಿಕೆಯಾಯಿತು: ಇಷ್ಟು ಸಾಕು. ಆಗಬೇಕಾದದ್ದು, ಆದದ್ದು, ದಿನಾಂಕ. ನ್ಯಾಕ್ ತಂಡಕ್ಕೂ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ. ಮನೆಯ ಜಗಳ, ಆರೋಗ್ಯ, ಪ್ರೀತಿ ಪ್ರೇಮದ ಸಂಗತಿಗಳು ಆ ಪುಸ್ತಕಕ್ಕೆ ಬರಲೇಬಾರದು, ಏಕೆಂದರೆ ಅದು ನಿಮ್ಮ ಬೀರುವಿನಲ್ಲಿ ಉಳಿಯುವ ಪುಸ್ತಕವಲ್ಲ.

ಕೊನೆಯದಾಗಿ ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ವಿಷಯವಿದೆ. ಅನೇಕ ಕಾಲೇಜುಗಳಲ್ಲಿ ಪ್ರತಿ ವರ್ಷ ಮೆಂಟರ್ ಬದಲಾಗುತ್ತಾರೆ. ಮೊದಲ ವರ್ಷ ಪೂರ್ತಿ ಕಳೆದು ಒಬ್ಬರನ್ನು ನಂಬಿದ ವಿದ್ಯಾರ್ಥಿ ಎರಡನೆಯ ವರ್ಷ ಮತ್ತೆ ಮೊದಲಿನಿಂದ ಶುರು ಮಾಡಬೇಕು, ಮತ್ತು ಬಹುತೇಕರು ಶುರು ಮಾಡುವುದಿಲ್ಲ. ಈ 26 ಜನರನ್ನು ಪದವಿ ಮುಗಿಯುವವರೆಗೆ ನಿಮ್ಮ ಬಳಿಯೇ ಉಳಿಸಿಕೊಡಬೇಕೆಂದು ಪ್ರಾಂಶುಪಾಲರಲ್ಲಿ ಲಿಖಿತವಾಗಿ ಕೇಳಿ. ಹೊಸ ಹಂಚಿಕೆಯ ಪಟ್ಟಿ ಸಿದ್ಧವಾಗುವ ಮೊದಲೇ ಕೇಳಿ, ಆಮೇಲೆ ಬದಲಿಸುವುದು ಕಷ್ಟ. ಅತಿಥಿ ಉಪನ್ಯಾಸಕರಿಗೆ ಹಂಚಿದ ಗುಂಪುಗಳಿಗೆ ಒಬ್ಬ ಕಾಯಂ ಅಧ್ಯಾಪಕರನ್ನು ಜೊತೆಗೆ ಹಾಕಬೇಕೆಂದೂ ಅದೇ ಪತ್ರದಲ್ಲಿ ಬರೆಯಿರಿ. ನಿಮಗೇ ವರ್ಗಾವಣೆಯಾದರೆ, ಡೈರಿಯನ್ನು ಕಚೇರಿಯಲ್ಲಿ ಒಪ್ಪಿಸಿ ಹೊರಡಬೇಡಿ. ಆ ಏಳೆಂಟು ಮಂದಿಯನ್ನು ಒಬ್ಬೊಬ್ಬರಾಗಿ ಹೊಸ ಮೆಂಟರ್ ಜೊತೆ ಕೂರಿಸಿ, ಇವರಿಗೆ ಏನೇನು ಹೇಳಲಿ ಎಂದು ಮೊದಲು ಅವರನ್ನೇ ಕೇಳಿ, ಅವರು ಒಪ್ಪಿದಷ್ಟನ್ನು ಮಾತ್ರ ಅವರ ಎದುರಿಗೇ ಹೇಳಿ.